ಒಂದೇ ಕಾಲು ಊದಿಕೊಂಡರೆ

ಕೇಳುಗರಿಗೆ ನಮಸ್ಕಾರ.

ಸಂಧಿವಾತ ಇರುವವರಿಗೆ ಮಂಡಿ ನೋವು, ಕಾಲು ಬಾವು ಹೊಸದೇನಲ್ಲ. ಹಾಗಾಗಿ ಒಂದು ದಿನ ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ಬಿಸಿಯಾಗಿದ್ದರೂ, ‘ಹಳೇ ಕಾಯಿಲೆಯದೇ ಕಾಟ’ ಅಂತ ಸುಮ್ನೆ ಇದ್ದುಬಿಡುತ್ತಾರೆ. ನನಗೆ ಭಯ ಇರುವುದು ಅದರ ಬಗ್ಗೆಯೇ.

ಕಾಲಿನ ಸ್ನಾಯುಗಳ ಆಳದಲ್ಲಿರುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಡಾಕ್ಟರು ಡಿವಿಟಿ ಅನ್ನುತ್ತಾರೆ. ಆ ಹೆಪ್ಪಿನ ಚೂರು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಕೀಲಿನ ಕಾಯಿಲೆಗೂ ರಕ್ತಕ್ಕೂ ಏನು ಸಂಬಂಧ? ಕೈ ಕುಯ್ದುಕೊಂಡಾಗ ನೋಡಿ. ಅಲ್ಲಿ ಕೆಂಪಾಗಿ ಊದುತ್ತದೆ, ರಕ್ತವೂ ಹೆಪ್ಪುಗಟ್ಟುತ್ತದೆ. ಉರಿಯೂತ ಮತ್ತು ಹೆಪ್ಪು ಮೊದಲಿನಿಂದಲೂ ಜೊತೆಗಾರರು. ಸಂಧಿವಾತದಂಥ ದೀರ್ಘಕಾಲದ ಉರಿಯೂತದಲ್ಲಿ ಗಾಯವೇ ಇರುವುದಿಲ್ಲ, ಆದರೂ ಸಿದ್ಧತೆ ನಡೆದೇ ಇರುತ್ತದೆ. ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಹೆಪ್ಪಿನ ನೂಲು ಆಗುವುದು ಅದರಿಂದಲೇ. ಸಿರೆಯ ಒಳಗೋಡೆಯೂ ಕೆರಳಿರುತ್ತದೆ. ಮೇಲೆ ನೋವಿನಿಂದ ಓಡಾಟ ಕಡಿಮೆ. ಸ್ಟೀರಾಯ್ಡ್ ಮಾತ್ರೆಯೂ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವ ಕೆಲವರ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರತಿಕಾಯಗಳೇ ಇರುತ್ತವೆ.

ಕರುಳಿನ ಉರಿಯೂತದ ಕಾಯಿಲೆಗಳಾದ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಈ ಅಪಾಯ ಉಳಿದವರಿಗಿಂತ ಸುಮಾರು 2ರಿಂದ 3 ಪಟ್ಟು. ಕಾಯಿಲೆ ಕೆರಳಿದಾಗ ಇನ್ನೂ ಜಾಸ್ತಿ. ಇಲ್ಲೊಂದು ವಿಚಿತ್ರ ನೋಡಿ. ಮಲದಲ್ಲಿ ರಕ್ತ ಹೋಗುತ್ತಿದೆ ಅಂತ ಆಸ್ಪತ್ರೆ ಸೇರಿದವರಿಗೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುತ್ತಾರೆ! ಮನೆಯವರು ಗಾಬರಿಯಾಗುವುದು ಸಹಜವೇ, ಅಲ್ವಾ? ಆದರೆ ರಕ್ತಸ್ರಾವ ವಿಪರೀತ ಇಲ್ಲದಿದ್ದರೆ ಅದೇ ಸರಿಯಾದ ಕ್ರಮ. ಕರುಳಲ್ಲಿ ರಕ್ತ ಸೋರುತ್ತಿದ್ದಾಗಲೇ ಕಾಲಿನಲ್ಲಿ ಹೆಪ್ಪುಗಟ್ಟಬಹುದು.

ಪತ್ತೆಗೆ ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಇದೆ. ಆದರೆ ಉರಿಯೂತವೊಂದಿದ್ದರೇ ಅದು ಏರಿಬಿಡುತ್ತದೆ. ಹಾಗಾಗಿ ಸ್ಕ್ಯಾನಿಂಗ್ ಬೇಕು. ತೊಡೆಯಿಂದ ಕೆಳಕ್ಕೆ ಉಪಕರಣವನ್ನು ಒತ್ತುತ್ತಾ ಬರುತ್ತಾರೆ. ಒತ್ತಿದಾಗ ಒಳ್ಳೆಯ ಸಿರೆ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ್ದು ಜಗ್ಗುವುದಿಲ್ಲ. ಖಚಿತವಾದರೆ ಕನಿಷ್ಠ 3 ತಿಂಗಳು ಔಷಧ.

ಮನೆಯಲ್ಲಿ ಟೇಪ್ ಇದ್ದರೆ ಎರಡೂ ಮೀನಖಂಡದ ಸುತ್ತಳತೆ ನೋಡಿ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅವತ್ತೇ ಡಾಕ್ಟರ ಬಳಿ ಹೋಗಿ. ಕಡಿಮೆ ಇದ್ದು ನೋವು, ಬಿಸಿ ಇದ್ದರೂ ಹೋಗಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರವಾಗಿ ತುರ್ತು ವಿಭಾಗಕ್ಕೆ. ಅಲ್ಲಿ ಕಾಲಿನ ವಿಷಯದ ಜೊತೆಗೇ ನಿಮ್ಮ ಹಳೇ ಕಾಯಿಲೆಯ ಹೆಸರನ್ನೂ ಹೇಳಿ.