ಅಜ್ಜಿ ಜಿಪುಣಿ ಅಲ್ಲ, ಮಿಸ್

ನಮಸ್ಕಾರ. ಇವತ್ತು ಇಂಗ್ಲಿಷ್ ಸಿನಾನಿಮ್ಸ್, ಅಂದರೆ ಹೆಚ್ಚು ಕಮ್ಮಿ ಒಂದೇ ಅರ್ಥದ ಪದಗಳ ಬಗ್ಗೆ ಮಾತಾಡಬೇಕು. ಅದರಲ್ಲೂ ಜನರ ಗುಣ, ಸ್ವಭಾವ ಹೇಳುವ ಪದಗಳ ಬಗ್ಗೆ. ಅವನ್ನು ನಾವು ಕಲಿಯುವ ರೀತಿ, ಕಲಿಸುವ ರೀತಿ ಎರಡೂ ಸರಿ ಇಲ್ಲ. ಇದನ್ನು ತುಂಬಾ ದಿನದಿಂದ ಹೇಳಬೇಕು ಅಂತಿದ್ದೆ.

ನಾನು ಸಂಜೆ ಹೊತ್ತು ಮನೆಯಲ್ಲೇ ಒಂದಷ್ಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಪಿಯುಸಿ, ಡಿಗ್ರಿ ಮಾಡುತ್ತಿರುವವರೇ ಜಾಸ್ತಿ. ಒಂದು ದಿನ, ನಿಮ್ಮ ಮನೆಯವರಲ್ಲಿ ಒಬ್ಬರ ಬಗ್ಗೆ ಐದಾರು ವಾಕ್ಯ ಬರೆಯಿರಿ ಅಂದೆ. ಒಬ್ಬ ಹುಡುಗ ಅವನ ಅಜ್ಜಿ ಬಗ್ಗೆ ಬರೆದ. ಮೊದಲ ಸಾಲೇ 'ಮೈ ಗ್ರ್ಯಾಂಡ್‌ಮದರ್ ಈಸ್ ಎ ಮೈಸರ್ಲಿ ವುಮನ್'. ಆಮೇಲೆ ಅಜ್ಜಿ ಏನೇನು ಮಾಡುತ್ತಾರೆ ಅಂತ ಬರೆದಿದ್ದ. ಹಾಲಿನ ಕವರ್ ತೊಳೆದು ಬಟ್ಟೆ ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಾರೆ. ಮದುವೆ ಕಾರ್ಡಿನ ಹಿಂದೆ ಖಾಲಿ ಜಾಗ ಇದ್ದರೆ ಅಲ್ಲೇ ಹಾಲಿನ ಲೆಕ್ಕ. ಇವನ ಕಾಲೇಜ್ ಫೀಸಿಗೆ ದುಡ್ಡು ಕಮ್ಮಿ ಬಿದ್ದಾಗ ಅಕ್ಕಿ ಡಬ್ಬಿಗೆ ಮೊಣಕೈವರೆಗೂ ಕೈ ಹಾಕಿ, ತಳದಿಂದ ಒಂದು ಪುಟ್ಟ ಗಂಟು ತೆಗೆದು, ಎಣಿಸದೆ ಇವನ ಕೈಗೆ ಕೊಟ್ಟಿದ್ದರು.

ಅಜ್ಜಿ ಜಿಪುಣಿನಾ ಅಂತ ಕೇಳಿದೆ. ಹುಡುಗ ಗಾಬರಿಯಾದ. "ಅಯ್ಯೋ, ಅಜ್ಜಿ ಜಿಪುಣಿ ಅಲ್ಲ ಮಿಸ್. ಮೊದಲು 'ಥ್ರಿಫ್ಟಿ' ಅಂತ ಬರೆದಿದ್ದೆ. ಲಿಸ್ಟ್‌ನಲ್ಲಿ ಅದರ ಪಕ್ಕದಲ್ಲೇ 'ಮೈಸರ್ಲಿ' ಇತ್ತು. ಸ್ವಲ್ಪ ದೊಡ್ಡ ಪದ ಅಲ್ವಾ ಅಂತ ಹಾಕಿದೆ." ಮೈಸರ್ಲಿ ಅಂದರೆ ಕಷ್ಟಕ್ಕೂ ದುಡ್ಡು ಬಿಚ್ಚದವರು, ತಮಗೂ ಖರ್ಚು ಮಾಡಿಕೊಳ್ಳದೆ ಕೂಡಿಡುವವರು ಅಂತ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಆ ಪದವನ್ನು ಹೊಡೆದು ಹಾಕಿದ. ಎಷ್ಟು ಒತ್ತಿ ಅಂದರೆ ಕಾಗದ ಹರಿದೇ ಹೋಯಿತು.

ತಪ್ಪು ಅವನದಲ್ಲ. ಬ್ಯಾಂಕ್ ಪರೀಕ್ಷೆ, ಎಸ್‌ಎಸ್‌ಸಿ ಪರೀಕ್ಷೆ ಅಂತ ತಯಾರಿ ಮಾಡುವ ಪ್ರತಿಯೊಬ್ಬರ ಹತ್ತಿರವೂ ಇಂಥ ಲಿಸ್ಟ್ ಇರುತ್ತದೆ. ಒಂದು ಪದ, ಅದರ ಮುಂದೆ ನಾಲ್ಕು ಪದ, ಮಧ್ಯೆ ಬರೀ ಕಾಮಾ. ಆ ಕಾಮಾ ನೋಡಿದರೆ ಎಲ್ಲವೂ ಒಂದೇ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಅಲ್ಲಿ ನಾಲ್ಕು ಆಯ್ಕೆಯಲ್ಲಿ ಹತ್ತಿರದ್ದಕ್ಕೆ ಗುರುತು ಹಾಕಿದರೆ ಸಾಕು, ಆ ಪದ ಯಾರ ಮೇಲೂ ಹೋಗಿ ಬೀಳುವುದಿಲ್ಲ. ಮಾತಿನಲ್ಲಿ ಹಾಗಲ್ಲ. ಗೋಡೆ 'ದೊಡ್ಡದು' ಅನ್ನುವ ಬದಲು ಇನ್ನೊಂದು ಪದ ಹಾಕಿದರೆ ಗೋಡೆಗೆ ಬೇಜಾರಾಗುವುದಿಲ್ಲ. ಆದರೆ ಮನುಷ್ಯರ ಗುಣ ಹೇಳುವ ಪದ ಒಂಥರಾ ತೀರ್ಪು.

ಕನ್ನಡದಲ್ಲಿ ಇದು ನಮಗೆ ಗೊತ್ತಿಲ್ಲದ್ದೇನಲ್ಲ. ದುಡ್ಡಿನ ವಿಷಯವನ್ನೇ ತೆಗೆದುಕೊಳ್ಳಿ. ಹುಷಾರಾಗಿ ಖರ್ಚು ಮಾಡುತ್ತಾರೆ ಅಂದರೆ ಹೊಗಳಿಕೆ. ಸ್ವಲ್ಪ ಕೈ ಬಿಗಿ ಅಂದರೆ ಮೆಲ್ಲಗೆ ಒಂದು ಚಿವುಟು. ಜಿಪುಣ ಅಂದರೆ ಬೈಗುಳ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂದರೆ ಮುಗಿದೇ ಹೋಯಿತು. ಇವನ್ನು ಅದಲು ಬದಲು ಮಾಡಿ ಮಾವನ ಮುಂದೆ ಹೇಳಿ ನೋಡೋಣ! ಇಂಗ್ಲಿಷಿನಲ್ಲೂ ಅದೇ ಮೆಟ್ಟಿಲು ಇದೆ. 'ಥ್ರಿಫ್ಟಿ' ಅಂದರೆ ಹುಷಾರಾಗಿ ಖರ್ಚು ಮಾಡುವವರು, ಅದು ಹೊಗಳಿಕೆ. 'ಫ್ರೂಗಲ್' ಅಂದರೆ ಸರಳವಾಗಿ, ಕಮ್ಮಿಯಲ್ಲಿ ಬದುಕುವವರು. 'ಸ್ಟಿಂಜಿ' ಅಂದರೆ ಕೊಡಬೇಕಾದ ಕಡೆಯೂ ಕೊಡದವರು. ಕೊನೆಗೆ 'ಮೈಸರ್ಲಿ'.

1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದೇ ವಿಷಯವನ್ನು ಒಂದೇ ಸಾಲಿನಲ್ಲಿ ತೋರಿಸಿದ್ದರು. ನಾನಾದರೆ ದೃಢ ಮನಸ್ಸಿನವನು, ನೀನು ಹಟಮಾರಿ, ಅವನು ಮೊಂಡು ಮೂರ್ಖ. ಇಂಗ್ಲಿಷಿನಲ್ಲಿ 'ಫರ್ಮ್', 'ಆಬ್‌ಸ್ಟಿನೇಟ್', 'ಪಿಗ್-ಹೆಡೆಡ್'. ಗುಣ ಒಂದೇ. ಯಾರಲ್ಲಿದೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ. ನಮ್ಮ ಮನೆ ಮಗುವಿಗೆ ಛಲ, ಪಕ್ಕದ ಮನೆ ಮಗುವಿಗೆ ಹಟ ಅಲ್ವಾ?

ಇನ್ನೊಂದು ಮಾತು. ಇಂಗ್ಲಿಷ್ ಪರ್ಯಾಯ ಪದಗಳ ಪ್ರಸಿದ್ಧ ಕೋಶ ಮಾಡಿದವರು ಪೀಟರ್ ಮಾರ್ಕ್ ರೋಜೆ ಅನ್ನುವ ಡಾಕ್ಟರ್, 1852ರಲ್ಲಿ. ಆ ಪುಸ್ತಕ ಅರ್ಥ ಹೇಳುವುದಿಲ್ಲ. ಮನಸ್ಸಿನಲ್ಲಿ ಒಂದು ವಿಚಾರ ಇದ್ದು, ಅದಕ್ಕೆ ಸರಿಯಾದ ಪದ ಹುಡುಕುವವರಿಗೆ ಅದು. ಪದಗಳ ತೂಕ ಮೊದಲೇ ಗೊತ್ತಿದ್ದವರಿಗೆ ಬಹಳ ಒಳ್ಳೆಯದು. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳ ಕೈಗೆ ಅಂಥದ್ದೇ ಪಟ್ಟಿ ಕೊಟ್ಟು, ದಿನಕ್ಕೆ ಐವತ್ತು ಬಾಯಿಪಾಠ ಮಾಡಿ ಅಂದರೆ ಹೇಗೆ?

ನಮಗೆ ಇನ್ನೊಂದು ತೊಡಕು ಇದೆ. ಎಷ್ಟೋ ಇಂಗ್ಲಿಷ್ ಪದಗಳು ಆಗಲೇ ಕನ್ನಡದ ಒಳಗೆ ಬಂದು ಬೇರೆ ಅರ್ಥ ಪಡೆದು ಕೂತಿವೆ. ಹುಡುಗ ಸ್ಮಾರ್ಟ್ ಆಗಿದ್ದಾನೆ ಅಂದರೆ ನಾವು ಸಾಮಾನ್ಯವಾಗಿ ಅವನ ರೂಪದ ಬಗ್ಗೆ ಹೇಳುತ್ತೇವೆ, ಅಮೆರಿಕದವರು ಅದನ್ನು ಬುದ್ಧಿ ಅಂತ ಕೇಳಿಸಿಕೊಳ್ಳುತ್ತಾರೆ. ಅವರು ತುಂಬಾ ಸಿಂಪಲ್ ಅನ್ನುವುದು ನಮ್ಮಲ್ಲಿ ದೊಡ್ಡ ಗೌರವ, ಆದರೆ ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯನನ್ನು ಸುಮ್ನೆ 'ಸಿಂಪಲ್' ಅಂದರೆ ಬುದ್ಧಿ ಸ್ವಲ್ಪ ಮಂದ ಅನ್ನುವ ಅರ್ಥವೂ ಬರಬಹುದು. ಮದುವೆ ಜಾಹೀರಾತಿನ 'ಹೋಮ್ಲಿ ಗರ್ಲ್' ಅಂತೂ ಎಲ್ಲರಿಗೂ ಗೊತ್ತು. ಮನೆ, ಸಂಸಾರ ಅಂತ ಪ್ರೀತಿಯಿಂದ ನೋಡಿಕೊಳ್ಳುವ ಹುಡುಗಿ ಅಂತ ನಾವು ಬರೆಯುತ್ತೇವೆ. ಅಮೆರಿಕದಲ್ಲಿ ಅದೇ ಪದಕ್ಕೆ ನೋಡಲು ಚೆನ್ನಾಗಿಲ್ಲ ಅನ್ನುವ ಅರ್ಥ. ನಮ್ಮ ಬಳಕೆ ತಪ್ಪು ಅಂತ ನಾನು ಹೇಳುವುದಿಲ್ಲ, ಇಲ್ಲಿ ಅದು ನಡೆಯುತ್ತದೆ. ಎದುರಿಗೆ ಯಾರಿದ್ದಾರೆ ಅಂತ ಗೊತ್ತಿರಬೇಕು ಅಷ್ಟೇ.

ಹಾಗಾದರೆ ಪ್ರಾಕ್ಟೀಸ್ ಹೇಗೆ? ನಾನು ಈಗ ಲಿಸ್ಟ್ ಕೊಡುವುದನ್ನೇ ಬಿಟ್ಟಿದ್ದೇನೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಅವರು ಮಾಡಿದ ಒಂದು ಕೆಲಸ ಬರೆಯಿರಿ, ಗುಣದ ಹೆಸರು ಬೇಡ, ಕೆಲಸ ಮಾತ್ರ. ಆಮೇಲೆ ಅದಕ್ಕೆ ಕನ್ನಡದಲ್ಲಿ ಏನು ಅನ್ನುತ್ತೀರಿ ನೋಡಿ. ಅದಾದ ಮೇಲೆ ಇಂಗ್ಲಿಷಿನ ಮೂರು ಪದ, ಮೂರೇ ಸಾಕು. ಒಂದು ಅವರು ಕೇಳಿಸಿಕೊಂಡರೆ ಖುಷಿಪಡುವ ಪದ, ಒಂದು ಕೇಳಿ ಸುಮ್ಮನಿರುವ ಪದ, ಇನ್ನೊಂದು ಕೇಳಿದರೆ ಊಟ ಬಿಟ್ಟು ಎದ್ದು ಹೋಗುವ ಪದ. ವಾರಕ್ಕೆ ಇಬ್ಬರ ಬಗ್ಗೆ ಹೀಗೆ ಬರೆದರೂ ಆರು ಪದ ಆಯಿತು, ಮತ್ತೆ ಆ ಆರೂ ಮರೆಯುವುದಿಲ್ಲ, ಯಾಕೆಂದರೆ ಪ್ರತಿ ಪದದ ಹಿಂದೆ ಒಂದು ಮುಖ ಇರುತ್ತದೆ. ಆ ಹುಡುಗ ಎರಡನೇ ಸಲ ಬರೆದು ತಂದಾಗ ಥ್ರಿಫ್ಟಿ ಜೊತೆ 'ಜೆನರಸ್' ಕೂಡ ಹಾಕಿದ್ದ. ಒಬ್ಬರೇ ಎರಡೂ ಆಗಿರಬಹುದು ಅಂತ ಯಾವ ಲಿಸ್ಟೂ ಅವನಿಗೆ ಹೇಳಿರಲಿಲ್ಲ, ಅಕ್ಕಿ ಡಬ್ಬಿ ಹೇಳಿತ್ತು.

ಹೀಗೆ ಮಾಡುತ್ತಾ ಹೋದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ನಾನೂ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮಪ್ಪ ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು. ಇಷ್ಟ ಇರಲಿಲ್ಲ, ಬೇಡ ಅನ್ನಲು ಬಾಯಿ ಬರಲಿಲ್ಲ. ಅಮ್ಮ ಇವತ್ತಿಗೂ ಹೇಳುತ್ತಾರೆ, "ನಿಮ್ಮಪ್ಪನಿಗೆ ದಾಕ್ಷಿಣ್ಯ ಜಾಸ್ತಿ." ಈ ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ 'ಕೈಂಡ್' ಅಂದರೆ ಸಾಲುವುದಿಲ್ಲ. 'ವೀಕ್' ಅಂದರೆ ಅಪ್ಪನಿಗೆ ಅನ್ಯಾಯ. 'ಒಬ್ಲೈಜಿಂಗ್', ಅಂದರೆ ಕೇಳಿದ್ದನ್ನು ಖುಷಿಯಿಂದ ಮಾಡಿಕೊಡುವವರು, ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಆ ಒದ್ದಾಟ ಇಲ್ಲ. ನಿಮಗೆ ಯಾವುದಾದರೂ ಪದ ಹೊಳೆದರೆ ಬರೆದು ಕಳಿಸಿ. ಜೊತೆಗೆ ಆ ಪದವನ್ನು ಯಾರನ್ನು ನೆನೆದು ಆರಿಸಿದಿರಿ ಅಂತಲೂ ಒಂದು ಸಾಲು ಬರೆಯಿರಿ.