ಕ್ಲಂಬರ್: ಮನೆ ಇಲ್ಲದ ಮನೆಯಂಗಳ

ಈ ಹುಲ್ಲಿನ ನಡುವೆ ಕಲ್ಲಿನ ಗೆರೆ ಕಾಣಿಸ್ತಿದೆಯಾ? ಕ್ಲಂಬರ್ ಹೌಸ್‌ನ ಗೋಡೆಗಳು ಇದ್ದ ಜಾಗ ಅದು. ಅಂದ್ರೆ ನಾನೀಗ ನಿಂತಿರೋದು ಡ್ಯೂಕ್ ಅನ್ನೋ ದೊಡ್ಡ ಬಿರುದಿನ ಸಾಹೇಬರ ಮನೆ ಒಳಗೇ. ಸೂರು ಮಾತ್ರ ಇಲ್ಲ.

ಇದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್, ವರ್ಕ್ಸಪ್ ಊರಿನ ಹತ್ತಿರ. ಡ್ಯೂಕ್‌ಗಳ ಎಸ್ಟೇಟ್‌ಗಳು ಅಕ್ಕಪಕ್ಕದಲ್ಲೇ ಇದ್ದಿದ್ದಕ್ಕೆ ಈ ಸೀಮೆಗೆ ಡ್ಯೂಕರೀಸ್ ಅಂತಾನೇ ಹೆಸರು. 1760ರ ದಶಕದಲ್ಲಿ ನ್ಯೂಕಾಸಲ್ ಡ್ಯೂಕ್ ಇಲ್ಲಿ ಬಂಗಲೆ ಕಟ್ಟಿಸೋಕೆ ಶುರುಮಾಡಿದ. ಎದುರಿಗಿರೋ ಈ ಕೆರೆಯನ್ನೂ ಅವರೇ ಮಾಡಿಸಿದ್ದು, 87 ಎಕರೆ.

1879ರಲ್ಲಿ ಬೆಂಕಿ ಬಿದ್ದು ಮನೆಯ ಬಹುಭಾಗ ಸುಟ್ಟುಹೋಯ್ತು. ಚಾರ್ಲ್ಸ್ ಬ್ಯಾರಿ ಜೂನಿಯರ್ ಅನ್ನೋ ವಾಸ್ತುಶಿಲ್ಪಿಯನ್ನ ಕರೆಸಿ ಮತ್ತೆ ಕಟ್ಟಿಸಿದ್ರು. 1912ರಲ್ಲಿ ಮತ್ತೆ ಬೆಂಕಿ. ಆಗಲೂ ಉಳಿಯಿತು. ಬೆಂಕಿಗೆ ಜಗ್ಗದ ಮನೆ ಕೊನೆಗೆ ಖರ್ಚಿಗೆ ಜಗ್ಗಿತು.

ಸಾಲ ಈ ವಂಶಕ್ಕೆ ಹೊಸದೇನಲ್ಲ. ಆರನೇ ಡ್ಯೂಕ್ ದೊಡ್ಡ ಜೂಜುಕೋರ. ಹೆಣ್ಣು ಕೊಟ್ಟ ಮಾವನೇ ಅವನ ಸಾಲ ತೀರಿಸಬೇಕಾಯ್ತು. ಆ ಮಾವನ ಮನೆತನ ಹೋಪ್. ಹೋಪ್ ವಜ್ರ ಅಂತೀವಲ್ಲ, ನಮ್ಮ ಗೋಲ್ಕೊಂಡ ಸೀಮೆಯ ಗಣಿಯದು ಅಂತ ಹೇಳೋ ನೀಲಿ ವಜ್ರ, ಅದು ಇವರದ್ದೇ. ತಾಯಿ ಕಡೆಯಿಂದ ಅದು ಮಗ ಲಾರ್ಡ್ ಫ್ರಾನ್ಸಿಸ್ ಕೈಗೆ ಬಂತು. ಅವನೂ ಸಾಲಗಾರ, 1901ರಲ್ಲಿ ಮಾರಿಬಿಟ್ಟ. ವಜ್ರದ ಶಾಪ ಅಂತ ಕಥೆ ಕಟ್ಟೋರಿದ್ದಾರೆ. ನನ್ನ ಕೇಳಿದ್ರೆ, ಅಪ್ಪ ಮಗ ಇಬ್ಬರ ಕೈಯೂ ಇಷ್ಟು ಸಡಿಲ ಇದ್ದಾಗ ಶಾಪದ ಅಗತ್ಯವೇ ಇರಲಿಲ್ಲ!

1937ರಲ್ಲಿ ಲೈಬ್ರರಿ ಹರಾಜಾಯ್ತು. ಮರುವರ್ಷ ಮನೆಯನ್ನೇ ಕೆಡವಿ ಕಲ್ಲು, ಮರಮುಟ್ಟು ಮಾರಿದ್ರು. ಚಿಕ್ಕದೊಂದು ಮನೆ ಕಟ್ಟೋ ಯೋಚನೆ ಇತ್ತು, ಅಷ್ಟರಲ್ಲಿ ಯುದ್ಧ ಬಂತು. ಸೈನ್ಯ ಪಾರ್ಕ್ ತುಂಬಾ ಮದ್ದುಗುಂಡು ಪೇರಿಸಿಟ್ಟಿತ್ತು. ಕಂದಕ ತೋಡುವ ದೈತ್ಯ ಯಂತ್ರದ ಪರೀಕ್ಷೆ ನೋಡೋಕೆ 1941ರಲ್ಲಿ ಚರ್ಚಿಲ್ಲೇ ಇಲ್ಲಿಗೆ ಬಂದಿದ್ದ. 1946ರಲ್ಲಿ ಎಸ್ಟೇಟನ್ನ ನ್ಯಾಷನಲ್ ಟ್ರಸ್ಟ್, ಅಂದ್ರೆ ಹಳೇ ಮನೆ, ತೋಟಗಳನ್ನ ಕಾಪಾಡೋ ಸಂಸ್ಥೆ, ಕೊಂಡುಕೊಂಡಿತು.

ಆ ಎತ್ತರದ ಗೋಪುರ ನೋಡಿ. 1889ರಲ್ಲಿ ಮುಗಿದ ಚಾಪೆಲ್ ಅದು, ಅಂದ್ರೆ ಚಿಕ್ಕ ಚರ್ಚು, ಏಳನೇ ಡ್ಯೂಕ್ ತನ್ನ ಭಕ್ತಿಗೆ ಕಟ್ಟಿಸಿಕೊಂಡದ್ದು. ಚಾಪೆಲ್ ಅನ್ನೋದು ಹೆಸರಿಗಷ್ಟೇ, ಕೆಥೀಡ್ರಲ್ ಅನ್ನೋ ದೊಡ್ಡ ಚರ್ಚಿನ ಪುಟ್ಟ ರೂಪದ ಥರ ಇದೆ. ನನಗೇನೋ ಅದಕ್ಕಿಂತ ಇಷ್ಟವಾಗಿದ್ದು ಅಡುಗೆಮನೆ ತೋಟ. ಸುತ್ತ ಇಟ್ಟಿಗೆ ಗೋಡೆ, ಉದ್ದಾನುದ್ದ ಗಾಜಿನ ಮನೆ. ಅಡುಗೆಮನೆಯೇ ಹೋದರೂ ತೋಟದಲ್ಲಿ ಈಗಲೂ ಬೆಳೆ ತೆಗೀತಾರೆ. ಹುಳಿ ದಂಟಿನ ರೂಬಾರ್ಬ್ ಗಿಡ ಒಂದರಲ್ಲೇ ನೂರಕ್ಕೂ ಹೆಚ್ಚು ತಳಿ ಇದೆಯಂತೆ. ಬನ್ನಿ, ಆ ಕಡೆ ಹೋಗೋಣ.