ಮಾಯದ ಗಾಯ, ಮುಗಿಯದ ಬೇಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ದೆವ್ವ ಬೇಟೆಯಾಡುವವರ ಕಥೆಗಳ ಬಗ್ಗೆ ನಾಲ್ಕು ಮಾತು. ಕಾಡಿನ ದೆವ್ವ, ಪಾಳುಮನೆಯ ದೆವ್ವ ಅಲ್ಲ. ಬಸ್ಸು, ಬಾಡಿಗೆ ಮನೆ, ಪೊಲೀಸ್ ಠಾಣೆ ಎಲ್ಲ ಇರುವ ದೊಡ್ಡ ಶಹರದ ದೆವ್ವಗಳು, ಅವುಗಳ ಬೆನ್ನು ಹತ್ತಿದ ಒಬ್ಬ ಮನುಷ್ಯ. ಇಂಗ್ಲಿಷಿನಲ್ಲಿ ಇಂಥ ಸರಣಿಗಳು ಬೇಕಾದಷ್ಟಿವೆ. ನಮ್ಮ ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಮೂರನೇ ಭಾಗ ಸಿಗುತ್ತದೆ, ನಾಲ್ಕನೇದು ಸಿಗುವುದಿಲ್ಲ, ಏಳನೇದು ಎರಡೆರಡು ಪ್ರತಿ ಇರುತ್ತದೆ. ಆದರೂ ಓದುವವರು ಬಿಡುವುದಿಲ್ಲ. ಹಿಂದಿನ ತಲೆಮಾರಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಹೀಗೇ ಕಾಯುತ್ತಿದ್ದರು.

ಹತ್ತು ಹದಿನೈದು ವರ್ಷ ಅದೇ ನಾಯಕ, ಅದೇ ಕಸುಬು. ದೆವ್ವ ಬರುತ್ತದೆ, ಇವನು ಹೊಡೆದು ಓಡಿಸುತ್ತಾನೆ. ಇಂಥ ಕಥೆ ಹಳಸದೆ ಉಳಿಯುವುದು ಹೇಗೆ?

ಬರೆಯುವವರಿಗೆ ಮೊದಲು ಹೊಳೆಯುವ ದಾರಿ, ದೆವ್ವವನ್ನು ದೊಡ್ಡದು ಮಾಡುತ್ತಾ ಹೋಗುವುದು. 'ಸೂಪರ್‌ನ್ಯಾಚುರಲ್' ಅನ್ನೋ ಅಮೆರಿಕದ ಟಿವಿ ಧಾರಾವಾಹಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2005ರಲ್ಲಿ ಶುರುವಾಗಿ 2020ರವರೆಗೆ ನಡೆಯಿತು. 15 ಸೀಸನ್, 327 ಎಪಿಸೋಡ್. ಇಬ್ಬರು ಅಣ್ಣತಮ್ಮಂದಿರು, 1967ರ ಮಾಡೆಲ್‌ನ ಕಪ್ಪು ಇಂಪಾಲಾ ಕಾರು, ಊರೂರು ಅಲೆದು ದೆವ್ವ ಹಿಡಿಯೋ ಕೆಲಸ. ಮೊದಮೊದಲು ಒಂದೊಂದು ಊರಿನ ಒಂದೊಂದು ಪ್ರೇತ. ಐದನೇ ಸೀಸನ್‌ಗೆ ಬಂದಾಗ ಎದುರಿಗೆ ಸೈತಾನನೇ ನಿಂತಿದ್ದ, ಪ್ರಳಯ ಬಾಗಿಲಿಗೆ ಬಂದಿತ್ತು. ಶುರು ಮಾಡಿದ ಎರಿಕ್ ಕ್ರಿಪ್ಕೆ ಅಲ್ಲಿವರೆಗೇ ಯೋಚಿಸಿದ್ದರು. ಅದಾದ ಮೇಲೂ ಹತ್ತು ವರ್ಷ ಓಡಿಸಬೇಕಾಯಿತು. ಕೊನೆಯ ಸೀಸನ್‌ನಲ್ಲಿ ವೈರಿ ಸಾಕ್ಷಾತ್ ದೇವರು! ಅದರ ಮೇಲೆ ಹೋಗೋಕೆ ಜಾಗ ಎಲ್ಲಿದೆ?

ಆದರೆ ಇದೇ ಧಾರಾವಾಹಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು 2015ರ ಒಂದು ಸಣ್ಣ ಎಪಿಸೋಡ್. ಇಡೀ ಕಥೆಯನ್ನು ಆ ಕಾರಿನ ಒಳಗಿಂದಲೇ ತೋರಿಸುತ್ತಾರೆ. ಕ್ಯಾಮೆರಾ ಕಾರು ಬಿಟ್ಟು ಕದಲುವುದಿಲ್ಲ. ಹೊರಗೆ ಹೊಡೆದಾಟ ನಡೆದರೆ ನಮಗೆ ಕಾಣುವುದು ಗಾಜಿನಾಚೆ ಕಂಡಷ್ಟು ಮಾತ್ರ. ಉಳಿದ ಹೊತ್ತು ಅಣ್ಣತಮ್ಮ ಹಾಡು ಹೇಳಿಕೊಂಡು ಹೋಗುತ್ತಾರೆ, ರಾತ್ರಿ ಸೀಟಿನಲ್ಲೇ ಮಲಗಿ ಸತ್ತ ಅಪ್ಪನ ವಿಷಯ ಮಾತಾಡುತ್ತಾರೆ. ಕಾರು ನಿಲ್ಲಿಸುವ ಕೆಲಸದ ಹುಡುಗಿಗೆ ಪಾರ್ಕ್ ಮಾಡು ಅಂತ ಕೀ ಕೊಟ್ಟರೆ, ಅವಳು ಕಾರನ್ನೇ ಒಂದು ಸುತ್ತು ಓಡಿಸಿಕೊಂಡು ಬರುತ್ತಾಳೆ. ಪ್ರಳಯ ಗಿಳಯ ಏನೂ ಇಲ್ಲ. ಹನ್ನೊಂದನೇ ವರ್ಷದಲ್ಲೂ ಧಾರಾವಾಹಿ ಹೊಸದಾಗಿ ಕಂಡಿತು.

ಇನ್ನು ಪುಸ್ತಕಕ್ಕೆ ಬರೋಣ. ಜಿಮ್ ಬುಚರ್ ಬರೆಯುವ 'ಡ್ರೆಸ್ಡೆನ್ ಫೈಲ್ಸ್' ಸರಣಿ 2000ದಲ್ಲಿ ಶುರುವಾಯಿತು. ಹ್ಯಾರಿ ಡ್ರೆಸ್ಡೆನ್ ಶಿಕಾಗೊದಲ್ಲಿ ಆಫೀಸು ಇಟ್ಟುಕೊಂಡ ಮಾಂತ್ರಿಕ, ಪತ್ತೇದಾರ. 2004ರ ಪುಸ್ತಕದಲ್ಲಿ ಅವನ ಮೇಲೆ ಬೆಂಕಿ ಉಗುಳುವ ಯಂತ್ರ ಹಿಡಿಯುತ್ತಾರೆ. ಅವನ ಮಂತ್ರದ ಗುರಾಣಿ ಬೆಂಕಿಯನ್ನು ತಡೆಯುತ್ತದೆ, ಕಾವನ್ನು ತಡೆಯುವುದಿಲ್ಲ. ಎಡಗೈ ಬೆಂದುಹೋಗುತ್ತದೆ. ಬೇರೆ ಲೇಖಕನಾಗಿದ್ದರೆ ಮುಂದಿನ ಪುಸ್ತಕದ ಹೊತ್ತಿಗೆ ಕೈ ಸರಿಹೋಗಿರುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. 2005ರ ಪುಸ್ತಕದಲ್ಲಿ ಅವನು ಆ ಕೈಗೆ ಚರ್ಮದ ಗವಸು ಹಾಕಿಕೊಂಡೇ ತಿರುಗುತ್ತಾನೆ, ಬೆರಳು ಮಡಚುವುದೇ ಕಷ್ಟ. ಕೈಗೆ ಹಾಕುವ ಗುರಾಣಿಯ ಕಡಗವನ್ನೂ ಹೊಸದಾಗಿ ಮಾಡಿಕೊಳ್ಳುತ್ತಾನೆ, ಈ ಸಲ ಕಾವನ್ನೂ ತಡೆಯುವ ಹಾಗೆ. ಚೇತರಿಕೆ ಪುಸ್ತಕದಿಂದ ಪುಸ್ತಕಕ್ಕೆ ಇಷ್ಟಿಷ್ಟೇ.

ನನ್ನ ಮಟ್ಟಿಗೆ ಸರಣಿಯ ಜೀವ ಇರುವುದು ಇಲ್ಲೇ. ಆದದ್ದನ್ನು ಅಳಿಸಿಹಾಕಬಾರದು. 2001ರಲ್ಲಿ ಬಂದ ಮೂರನೇ ಪುಸ್ತಕದಲ್ಲಿ ಹ್ಯಾರಿ ಮಾಡಿದ ಒಂದು ಕೆಲಸದಿಂದ ರಕ್ತಪಿಶಾಚಿಗಳಿಗೂ ಮಾಂತ್ರಿಕರಿಗೂ ಯುದ್ಧ ಹತ್ತಿಕೊಳ್ಳುತ್ತದೆ. ಅದು ತೀರುವುದು 2010ರ ಹನ್ನೆರಡನೇ ಪುಸ್ತಕದಲ್ಲಿ. ಅಷ್ಟರಲ್ಲಿ ಅವನ ಆಫೀಸು, ಮನೆ, ಕಾರು ಮೂರೂ ಹೋಗಿರುತ್ತವೆ. ಒಂಬತ್ತು ವರ್ಷ ಓದುಗರು ಆ ಸಾಲದ ಲೆಕ್ಕ ನೆನಪಿಟ್ಟುಕೊಂಡಿದ್ದರು. ಹಾಗಂತ ಈ ಲೇಖಕರೂ ದೊಡ್ಡ ದೆವ್ವದ ಆಸೆಯಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. 2020ರ 'ಬ್ಯಾಟಲ್ ಗ್ರೌಂಡ್'ನಲ್ಲಿ ಇಡೀ ಪುಸ್ತಕ ಒಂದೇ ರಾತ್ರಿಯ ಯುದ್ಧ. ನನಗೆ ಅದು ಜಾಸ್ತಿಯಾಯಿತು.

ದೆವ್ವಗಳ ಜೊತೆ ಸೆಣಸುವ, ಬ್ರಿಟನ್ನಿನ ಜಾನ್ ಕಾನ್‌ಸ್ಟಂಟೀನ್ ಅನ್ನೋ ಕಾಮಿಕ್ಸ್ ನಾಯಕನದೂ ಇದೇ ಗುಟ್ಟು. ಅವನ ಕಾಮಿಕ್ಸ್ 'ಹೆಲ್‌ಬ್ಲೇಜರ್' 1988ರಿಂದ 2013ರವರೆಗೆ 300 ಸಂಚಿಕೆ ಬಂತು. ಬರೆಯುವವರು ಎಷ್ಟೋ ಸಲ ಬದಲಾದರು. ಆದರೆ ಅವನಿಗೆ ಮಾತ್ರ ಕ್ಯಾಲೆಂಡರ್ ಪ್ರಕಾರ ವಯಸ್ಸಾಗುತ್ತಾ ಹೋಯಿತು. ಕಾಮಿಕ್ಸ್ ನಾಯಕರಲ್ಲಿ ಇದು ಅಪರೂಪ.

ಈಗ ನಮ್ಮ ಕಡೆ ನೋಡಿ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ಯಕ್ಷಗಾನ ಆಡುತ್ತಾರೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ರಂಗಸ್ಥಳದ ಒಳಗಿಂದ ಬರುವುದಿಲ್ಲ. ಜನರ ಬೆನ್ನ ಹಿಂದಿನಿಂದ ಬರುತ್ತಾನೆ. ಎರಡು ಕೋಡು, ಎರಡೂ ಕಡೆ ದೊಂದಿ, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆಯ ಅಬ್ಬರ. ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತವೆ. ಅವನು ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಹೋದ ವರ್ಷವೂ ಸತ್ತಿದ್ದಾನೆ. ಆದರೂ ಕೂತು ನೋಡುತ್ತೇವೆ, ಅಲ್ವಾ? ಯಾಕೆಂದರೆ ಪ್ರಸಂಗದ ಪದ್ಯ ಅದೇ ಆದರೂ ಅರ್ಥ ಹೇಳುವ ಮಾತು ಆ ರಾತ್ರಿಯದು. ಎದುರು ಪಾತ್ರದವರು ಏನು ಕೇಳುತ್ತಾರೋ ಅದಕ್ಕೆ ಇವರ ಉತ್ತರ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಬರೀ ಮಾತು. ದೆವ್ವದ ಗಾತ್ರ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಸರಣಿಗೆ ಇನ್ನೊಂದು ದೊಡ್ಡ ಆಸರೆ ಊರು. ಅದೇ 2005ರ ಪುಸ್ತಕದಲ್ಲಿ ಹ್ಯಾರಿ ಶಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ 'ಸ್ಯೂ' ಅನ್ನೋ ಡೈನೊಸಾರ್‌ನ ಎಲುಬುಗಳಿಗೆ ಜೀವ ಬರಿಸಿ ಅದರ ಮೇಲೆ ಸವಾರಿ ಮಾಡುತ್ತಾನೆ. ಆ ಅಸ್ಥಿಪಂಜರ ನಿಜಕ್ಕೂ ಅಲ್ಲಿದೆ. ಸತ್ತದ್ದು ಎಷ್ಟು ಹಳೆಯದೋ ಅದರ ಬಲ ಅಷ್ಟು ಹೆಚ್ಚು ಅನ್ನುವುದು ಆ ಕಥೆಯ ನಿಯಮ. ಎದ್ದದ್ದು ಮಾತು ಕೇಳಬೇಕಾದರೆ ಎದೆಬಡಿತದ ಹಾಗೆ ಡೋಲು ಬಡಿಯುತ್ತಲೇ ಇರಬೇಕು. ಅದಕ್ಕೆ ಅವನ ಗೆಳೆಯ ಡೋಲು ಕಟ್ಟಿಕೊಂಡು ಜೊತೆಗೆ ಬರುತ್ತಾನೆ.

ಇದನ್ನು ಓದಿದಾಗಿಂದ ನನಗೆ ಬೈಕಲಾದ ಕಲ್ಲಾನೆಯದೇ ಯೋಚನೆ. ರಾಣಿಬಾಗ್ ಪಕ್ಕ, ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಹೊರಗೆ ನಿಂತಿದೆಯಲ್ಲ, ಅದೇ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅನ್ನೋ ಹೆಸರು ಬಂದದ್ದು ಅದರಿಂದಲೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಕೆ ಹೋದಾಗ ಕ್ರೇನ್ ಮುರಿದು ಆನೆ ಬಿದ್ದು ಚೂರಾಯಿತು. ಆಮೇಲೆ 1914ರಲ್ಲಿ ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ಊರು ಬಿಡಿಸಿ ತಂದ, ಮೈತುಂಬಾ ಜೋಡಿಸಿದ ಗುರುತಿರುವ ಆನೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಲಾಲ್‌ಬಾಗ್, ಪರೇಲ್. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದ ಜಾಗ. ಗಿರಣಿಗಳಿದ್ದಲ್ಲಿ ಮಾಲ್‌ಗಳು, ಗಗನಚುಂಬಿ ಟವರ್‌ಗಳು ಎದ್ದಿವೆ. ಅಲ್ಲಲ್ಲಿ ಒಂದೊಂದು ಚಿಮಣಿ ಇನ್ನೂ ಇದೆ. ದೆವ್ವದ ಕಥೆಗೆ ಇದಕ್ಕಿಂತ ಬೇರೆ ಏನು ಬೇಕು?

ಆ ಆನೆಯನ್ನು ಎಬ್ಬಿಸಲು ಚೆಂಡೆ ಬೇಕು. ಚೆಂಡೆ ಬಾರಿಸುವವರು ಈ ಶಹರದಲ್ಲಿ ನಮ್ಮವರೇ ಇದ್ದಾರೆ. ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ರಾತ್ರಿ ಚೆಂಡೆ ಹೆಗಲಿಗೆ ಹಾಕುವ ಒಬ್ಬ ನಾಯಕ. ಅವನು ಕನ್ನಡದಲ್ಲೇ ಮಾತಾಡಲಿ, ತುಳುವಿನಲ್ಲಿ ಬೈಯಲಿ, ಮರಾಠಿಯಲ್ಲಿ ಪೊಲೀಸರಿಗೆ ಉತ್ತರ ಕೊಡಲಿ.

ಇದನ್ನು ಕೇಳುತ್ತಿರುವವರಲ್ಲಿ ಬರೆಯುವ ಹುಡುಗ ಹುಡುಗಿಯರು ಇದ್ದೇ ಇರುತ್ತೀರಿ. ದಯವಿಟ್ಟು ಇದನ್ನು ಬರೆಯಿರಿ. ಒಂದೇ ಪುಸ್ತಕಕ್ಕೆ ನಿಲ್ಲಿಸಬೇಡಿ. ಮೊದಲನೆಯದರಲ್ಲಿ ಅವನ ಕೈ ಸುಟ್ಟರೆ, ಐದನೆಯದರಲ್ಲೂ ಚೆಂಡೆಯ ಕೋಲು ಹಿಡಿಯುವಾಗ ಅದು ನೋಯಲಿ. ನಾನಂತೂ ಕೊಂಡು ಓದುತ್ತೇನೆ. ನಮಸ್ಕಾರ.